ಎಂಬತ್ತೇಳರಲ್ಲೊಂದು ಪಾಲು

ನಕ್ಷೆ ಎಲ್ಲೂ ಸಿಗಲಿಲ್ಲ. ಸಿಕ್ಕವರು ವಜೀರ್ ಸಾಬರು,
ಕಾಕಂಬಿ ವ್ಯಾಗನ್ನುಗಳ ನೆತ್ತಿಯ ಮೇಲೆ
ಇಪ್ಪತ್ತಾರು ಸೀಸನ್ನು ನಿಂತವರು.
ಅಟ್ಟಣೆ ಎಷ್ಟುದ್ದ ಇತ್ತು ಅಂದರೆ
ಎದ್ದು, ಲುಂಗಿ ಎತ್ತಿಕಟ್ಟಿ,
ಮಂಡ್ಯದ ಗುತ್ತಲು ರಸ್ತೆಯ ನನ್ನ ಬಾಡಿಗೆ ಮನೆಯಲ್ಲಿ
ನಡೆದೇ ತೋರಿಸಿದರು.
ಗೋಡೆ ಬಂದಾಗ ತಿರುಗಿ, ಮತ್ತೆ ನಡೆದು,
ಹದಿನೆಂಟು.
"ಆಗ ಹನ್ನೆರಡೇ ಇತ್ತು" ಅಂದರು, ತಮ್ಮ ಪಾದವನ್ನು
ಯಾರದೋ ಎಂಬಂತೆ ನೋಡುತ್ತ.

ನಾನು ಹನ್ನೆರಡನ್ನೇ ಬರೆದುಕೊಂಡೆ.
ಆ ಕಾಲದ ಹೆಜ್ಜೆಯನ್ನು ಊಹಿಸಿ
ಎಂಬತ್ತೇಳರಿಂದ ಭಾಗಿಸಿದೆ. ಅರ್ಧ ಗೇಣಾಯಿತು.

ಹಗಲು ನಾನು ಹಲ್ಲು ಕಟ್ಟುವವಳು.
ಕಟಕಟೆಗೆ ಹಲ್ಲು ನೇರಮಾಡುವ ತಂತಿ,
ಪೈಪಿಗೆ ರೀಫಿಲ್ಲು,
ಟ್ಯಾಂಕಿಗೆ ಊದಿನಕಡ್ಡಿಯ ಕೊಳವೆ, ಒಳಗಿನ್ನೂ ಮಲ್ಲಿಗೆ ವಾಸನೆ.
ತುಕ್ಕಿಗೆ ಹೆಂಚಿನ ಪುಡಿ. ಚಕ್ರಕ್ಕೆ ಅಡ್ಡ ಒಂದು ಅಕ್ಕಿನುಚ್ಚು.
ಅಟ್ಟಣೆಯಿಂದ ಇಳಿಯುವ ಮಡಿಸುಹಲಗೆ
ಮುಚ್ಚಳದ ಅಂಚಿಗೇ ಕೂರಬೇಕು;
ಮೂರು ರಾತ್ರಿ ಕೂರಲಿಲ್ಲ.

ಕರೆದೆ. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು,
ಬಹಳ ಹೊತ್ತು.
"ಚೆನ್ನಾಗದೆ ಕಣವ್ವ. ಆದ್ರೆ ಇಲ್ಲಿ ಯಾರೂ ಕೆಲ್ಸ ಮಾಡಿಲ್ಲ."

ಡಿಸೆಂಬರಿನ ಬೆಳಗು, ಆವಿ ಕೊಟ್ಟರೂ
ಕಾಕಂಬಿ ಇಳಿಯದೆ ಮುನಿಯುತ್ತಿತ್ತಂತೆ.
ಇಳಿದರೆ ನಿಲ್ಲುತ್ತಿರಲಿಲ್ಲವಂತೆ.
ಬಿದಿರ ಗಳು ಬಿಟ್ಟು ಆಳ ನೋಡಿ
ಎತ್ತುವಾಗ ತೋಳಿಗೆ, ಏಣಿಗೆ, ಮದುವೆಯ ವಾಚಿಗೆ;
ಟ್ಯಾಂಕಿನ ಹೊಟ್ಟೆಯ ಮೇಲೆ ಬಿಚ್ಚಿದ ಜಡೆಗಳ ಹಾಗೆ.
"ನೊಣ ಎಲ್ಲವ್ವ?"
ನೊಣವನ್ನು ಎಂಬತ್ತೇಳರಿಂದ ಭಾಗಿಸಿದರೆ
ಧೂಳೂ ಉಳಿಯಲ್ಲ ಸಾಬರೇ, ಅಂದೆ.

ಕಪ್ಪು ವಾರ್ನಿಷು ಕೈಯಳತೆಯಲ್ಲೇ ಇತ್ತು.
ಆದರೂ ಒಲೆ ಹಚ್ಚಿ ಬೆಲ್ಲ ಕಾಯಿಸಿದೆ,
ಪಾಕ ಸೀದು ಕಪ್ಪಾಗುವವರೆಗೆ.
ಸೂಜಿಯ ಮೊನೆಯಿಂದ ಒಂದೊಂದೇ ತೊಟ್ಟು,
ಮುಚ್ಚಳದಿಂದ ಕೆಳಕ್ಕೆ.

ಬೆಳಿಗ್ಗೆ ನೋಡಿದರೆ ಇರುವೆ.
ಲೆಕ್ಕದ ಪ್ರಕಾರ ಒಂದೊಂದೂ ಬೆಕ್ಕಿನಷ್ಟು.
ನಾನು ಮಾಡಿಟ್ಟ ಏಣಿ ಬಿಟ್ಟು ಕಂಬ ಹಿಡಿದು ಹತ್ತಿ,
ಮಡಿಸುಹಲಗೆಯ ಮೇಲೆ ಸಾಲಾಗಿ,
ಹೋಗುವುದು ಬರುವುದರ ಮೂತಿ ಮುಟ್ಟಿ.
ಒರೆಸುವ ಬಟ್ಟೆ ಕೈಯಲ್ಲಿತ್ತು.
ಫೋನು ಮಾಡಿದೆ.

"ಎಷ್ಟು ಜನ ಬಂದವ್ರೆ?" ಅಂದರು ವಜೀರ್ ಸಾಬರು.
ಎಣಿಸಕ್ಕಾಗಲ್ಲ.
"ಹಂಗಾದ್ರೆ ಬೆಳಗಿನ ಪಾಳಿ. ಇರು, ಬಂದೆ."