ಬಿಳಿ ಹಿನ್ನೆಲೆ

ಸ್ಟುಡಿಯೋಗೆ ಬೀಗ ಹಾಕಿದ ದಿನ ಕುಂಞಿಮೋನ್ ಸಾಹೇಬರು
ಕ್ಯಾಮೆರಾ ನನ್ನ ಕೈಗಿಟ್ಟರು.
'ಬೂಷ್ಟು ಹಿಡಿದೀತು, ವಾರಕ್ಕೊಮ್ಮೆ ಗಾಳಿಗೆ ತೆಗಿ.'
ನಾನು ದಿನಾ ತೆಗೆದೆ.

ಹದಿಮೂರು ವರ್ಷ ಈ ಉಮ್ಮುಲ್ ಕುವೈನಿನಲ್ಲಿ
ಅದೇ ಸ್ಟೂಲು, ಅದೇ ಬಿಳಿ ಬಟ್ಟೆ.
ಗಲ್ಲ ಇಳಿಸಿ. ಕಿವಿ ಕಾಣಲಿ. ನಗಬೇಡಿ.
ವೀಸಾಕ್ಕೆ ನಗು ಆಗದು ಎಂದು
ನಾಲ್ಕು ಭಾಷೆಯಲ್ಲಿ ಹೇಳಬಲ್ಲೆ.
ಅಂಗಡಿಯ ಹಿಂದೆ ಸಮುದ್ರ ಒಳಗೆ ಬಂದು ನಿಂತಿದೆ ಎಂದು
ಗೊತ್ತಿತ್ತು. ಹೋಗಿರಲಿಲ್ಲ.

ಕೋಣೆಯಲ್ಲಿ ಆರು ಜನ, ಮೂರು ಮಂಚದ ಮೇಲೆ ಮೂರು ಮಂಚ.
ಒಬ್ಬ ಕೆಮ್ಮಿದರೆ ಐವರ ಮಾತು ನಿಲ್ಲುತ್ತಿತ್ತು.
ಬೆಳಿಗ್ಗೆ ಆರಕ್ಕೆ ಕರ್ಫ್ಯೂ ಸಡಿಲುತ್ತಲೇ
ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ
ಸೊಸೈಟಿಯ ಸಕ್ಕರೆ ಕದ್ದವನ ಹಾಗೆ.

ಬಾಂಗಿನಲ್ಲಿ ಒಂದು ಸಾಲು ಬದಲಾಗಿತ್ತು.
ಅರಬಿ ಬಾರದ ನನ್ನ ಕಿವಿಗೂ ಎಡವಿತು,
ಕತ್ತಲಲ್ಲಿ ಒಂದು ಮೆಟ್ಟಿಲು ಹೆಚ್ಚು ಸಿಕ್ಕಂತೆ.
'ಮನೆಯಲ್ಲೇ ನಮಾಜು ಮಾಡಿ ಅಂತ'
ಎಂದ ವಾಚ್‌ಮನ್ ಗುಲ್‌ಬಾಜ್, ಗೇಟಿನಾಚೆಯಿಂದಲೇ.

ನನ್ನದು ಸ್ಟುಡಿಯೋ ಲೆನ್ಸು,
ಆರಡಿ ದೂರದ ಮುಖಕ್ಕೆ ಹೇಳಿಸಿದ್ದು.
(ಆರಡಿ ದೂರ ನಿಲ್ಲಿ ಎಂದು ಈಗ ಸರ್ಕಾರವೂ ಹೇಳುತ್ತಿತ್ತು.)
ರಾಜಹಂಸಗಳು ಅದನ್ನು ಮೀರಿ, ಒಂದು ಮೈಲಿ ಅಂತರ ಕಾದವು;
ನೂರಿಪ್ಪತ್ತು ಹಕ್ಕಿ ಫೋಟೋದಲ್ಲಿ
ಯಾರೋ ಚೆಲ್ಲಿದ ಕೆಂಪಕ್ಕಿ ನುಚ್ಚು.

ಹತ್ತಿರ ಬಿಟ್ಟುಕೊಂಡವರನ್ನು ತೆಗೆದೆ.
ಏಡಿಯ ಮುಂದೆ ಮೊಣಕಾಲೂರಿ
ಅಭ್ಯಾಸಬಲದಿಂದ 'ಗಲ್ಲ ಇಳಿಸಿ' ಅಂದೆ.
ಗಲ್ಲವೇ ಇಲ್ಲ. ಕಣ್ಣೆರಡೂ ಕಡ್ಡಿಯ ತುದಿಯಲ್ಲಿ,
ಒಂದು ನನ್ನ ಕಡೆ, ಒಂದು ಬಿಲದ ಕಡೆ.
ಕಾಂಡ್ಲ ಗಿಡದ ಬೇರು ಕೆಸರಿಂದ ಮೇಲೆದ್ದು
ಗೇಣುದ್ದ ಬೆರಳುಗಳಲ್ಲಿ ಉಸಿರಾಡುತ್ತಿತ್ತು,
ಮಾಸ್ಕಿಲ್ಲದೆ.
ನಾನೂ ನನ್ನದನ್ನು ಇಳಿಸಿ, ಸುತ್ತ ನೋಡಿ,
ಒಂದು ಎಲೆಯ ಬೆನ್ನು ನೆಕ್ಕಿದೆ.
ಉಪ್ಪು. ಹಪ್ಪಳದಂಥ ಉಪ್ಪು.

ಹತ್ತೊಂಬತ್ತನೇ ದಿನ ದೋಣಿ ಕಂಪನಿಯಿಂದ ಫೋನು.
'ಸೋಮಯ್ಯ ಖಾರ್ವಿ. ಫೆಬ್ರವರಿಯಲ್ಲಿ ತೆಗೆಸಿದ್ದ.
ಎರಡು ಪ್ರತಿ ಬೇಕು. ಬಿಳಿ ಹಿನ್ನೆಲೆ.'
ಯಾತಕ್ಕೆ ಎಂದು ಕೇಳಲಿಲ್ಲ.
ಊರಿಗೆ ಕಳಿಸಲು ಆಗುವುದಿಲ್ಲ, ಇಲ್ಲಿಯೇ, ಎಂದು
ಅವರೇ ಹೇಳಿದರು.

ಕಾರ್ಡಿನಲ್ಲಿ ಹಿಂದೆ ಹಿಂದೆ ಹೋದೆ.
ಏಡಿ. ಬೇರು. ಬೇರು. ನುಚ್ಚಕ್ಕಿ. ನನ್ನದೇ ನೆರಳು.
ಖಾಲಿ ಸ್ಟೂಲು.
ಆಮೇಲೆ ಅವನು, ನಾಲ್ಕು ಸಲ.
ಮೂರರಲ್ಲಿ ನಗುತ್ತಿದ್ದಾನೆ.

ನೆನಪಾಯಿತು. ಸ್ಟೂಲಿನ ಮೇಲೆ ಕೂತು ಕೇಳಿದ್ದ:
'ನಿಮ್ಮ ಹಿಂದಿನ ನೀರಲ್ಲಿ ಕಾಣೆ ಸಿಕ್ಕತ್ತಾ ಮಾರಾಯ್ರೆ?'
ನಾನು ಸಿರಾದ ಕಡೆಯವನು.
ಮೀನೆಂದರೆ ಮೀನು, ಅದಕ್ಕೊಂದು ಹೆಸರುಂಟೆಂದು ಯಾರಿಗೆ ಗೊತ್ತು?
'ನಾ ಕಾಣೆ' ಅಂದೆ.
ಅವನು ಸ್ಟೂಲು ಅಲ್ಲಾಡುವಷ್ಟು ನಕ್ಕ.
ನಗಬೇಡಿ ಅಂದೆ. ಮತ್ತೆ ನಕ್ಕ.
ಮರಳ ಬಣ್ಣದ ಉದ್ದ ಮೀನು, ಹೆದರಿದರೆ ಮರಳಲ್ಲೇ ಹೂತುಕೊಳ್ಳುತ್ತದೆ,
ಮುಳ್ಳು ಕಡಿಮೆ, ಮಕ್ಕಳಿಗೂ ಕೊಡಬಹುದು ಎಂದ.
ಕಾಂಡ್ಲ ಎಂಬ ಹೆಸರನ್ನೂ ಆಗಲೇ ಹೇಳಿದ್ದು.
ದುಡ್ಡು ಕೊಡುವಾಗ ಚಿಲ್ಲರೆ ಇರಲಿಲ್ಲ;
ಎರಡು ದಿರ್ಹಮ್ ನಾನೇ ಇನ್ನೂ ಕೊಡಬೇಕು.

ನಾಲ್ಕನೆಯದನ್ನು ಕಳಿಸಿದೆ.
ಗಲ್ಲ ಇಳಿದಿದೆ, ಕಿವಿ ಎರಡೂ ಕಾಣುತ್ತವೆ,
ಎಲ್ಲ ಸರಿಯಾಗಿದೆ,
ಅವನ ಗುರುತು ಮಾತ್ರ ಸಿಗಲಿಲ್ಲ ನನಗೆ.

ಮಾರನೆಯ ಬೆಳಿಗ್ಗೆ ಇಳಿತದ ನೀರಲ್ಲಿ
ಮೀನಖಂಡದವರೆಗೆ ನಿಂತಿದ್ದೆ.
ಬಿಸಿಲು ಆಗಲೇ ಎಲ್ಲವನ್ನೂ ಬಿಳಿ ಬಟ್ಟೆಯಾಗಿಸಿತ್ತು.
ಪಾದದ ಪಕ್ಕ ಮರಳೇ ಎದ್ದು ಈಜಿದಂತೆ
ಏನೋ ಉದ್ದಕ್ಕೆ ಸರಿದು, ನಿಂತು,
ಬಾಲ ಒದರಿ ಒಳಗೆ ಹೋಯಿತು.

'ಕಂಡೆ' ಅಂದೆ, ಮಾಸ್ಕಿನೊಳಗೆ,
ಯಾರಿಗೋ ಬಾಕಿ ಇದ್ದ ಉತ್ತರ.
ಒತ್ತಿದ್ದೂ ಹೌದು.
ಬಂದದ್ದು ಬರೀ ನೀರು,
ಮತ್ತೆ ನನ್ನ ಹೆಬ್ಬೆರಳು.