ಬಿಳಿ ಬಂದರೆ ಕೆಟ್ಟದು

ನಸುಕಿನ ನಾಲ್ಕೂವರೆಗೆ ಬಾಟಲಿ ಮುಳುಗಿಸಬೇಕು,
ಓರೆಯಾಗಿ, ಗುಳ್ಳೆ ಸೇರದ ಹಾಗೆ, ನೀರೊಳಗೇ ಬಿರಡೆ.
ಆಮೇಲೆ ಎರಡು ಔಷಧಿ, ಎರಡೆರಡು ಮಿಲಿ.
ಕೆರೆಗೆ ಜೀವವಿದ್ದರೆ ಕಂದು ಗಸಿ ಇಳಿಯುತ್ತದೆ.
ಇಲ್ಲದಿದ್ದರೆ ಬಿಳಿ.

ಮೂರು ದಿನ ಮೋಡ ಮುಚ್ಚಿದ ಆ ವಾರ
ಕಟ್ಲಾ, ರೋಹು, ಹೆಸರು ಗೊತ್ತಿಲ್ಲದ ಚಿಕ್ಕವು
ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು,
ಪದ್ಯ ಮರೆತ ಮಕ್ಕಳು ಸುಮ್ಮನೆ ತುಟಿ ಆಡಿಸುವ ಹಾಗೆ.
ತಳದ ಬಾಟಲಿಯಲ್ಲಿ ಇಳಿದದ್ದು ಬಿಳಿ,
ಮಂಡಕ್ಕಿಯಷ್ಟು ಬಿಳಿ.

"ನಮ್ಮಲ್ಲಿ ಬಿಳಿ ಇದ್ರೆ ರೇಟು ಜಾಸ್ತಿ,
ನಿಮ್ಮಲ್ಲಿ ಉಲ್ಟಾ," ಅಂದರು ದಸ್ತಗೀರ್ ಸಾಬರು.
ಇಪ್ಪತ್ತೆರಡು ವರ್ಷ ದಾವಣಗೆರೆಯ ಭಟ್ಟಿಗಳ
ಬ್ಲೋವರ್ ರಿಪೇರಿ ಮಾಡಿದವರು. ಹೊಟ್ಟು, ಟೈರು,
ಸುಟ್ಟದ್ದರಲ್ಲಿ ಅರ್ಧ ಇವರೊಳಗೇ ಉಳಿದಿದೆ:
ಒಂದು ಮಾತಿನ ನಡುವೆ ಎರಡು ಸಲ ನಿಲ್ಲುತ್ತಾರೆ.
ಈಗ ಕೆರೆಯ ಕಂಪ್ರೆಸರ್‌ಗೆ ರಾತ್ರಿ ಪಾಳಿ.

"ಬೆಂಕಿಗೂ ಅಷ್ಟೆ, ನೀರಿಗೂ ಅಷ್ಟೆ ಮೇಡಂ,
ಕೆಳಗಿಂದ ಊದಬೇಕು.
ಮೇಲಿಂದ ಊದಿದ್ರೆ ಬೂದಿ ಹಾರ್ತದೆ."

(ಆಫೀಸಿನವರು ಮೊದಲು ಕೇಳಿದ್ದು ಕಾರಂಜಿ.
ಬಣ್ಣದ ದೀಪದ್ದು.)

ತಳದಲ್ಲಿ ತಟ್ಟೆಯಗಲದ ರಬ್ಬರು, ಸೂಜಿಮೊನೆಯ ತೂತು.
ಏಳುವ ಗುಳ್ಳೆ ಕತ್ತಲ ನೀರನ್ನು ಹೊತ್ತು ತರುತ್ತದೆ.
ಮೊದಲ ವಾರ ತಂದದ್ದು ನಾತ, ಕೊಳೆತ ಮೊಟ್ಟೆಯದು,
ಎಷ್ಟು ವರ್ಷದ ಹೂಳಿನದೋ.
ವಾಕಿಂಗಿನವರು ಅರ್ಜಿ ಬರೆದರು, ನಿಲ್ಲಿಸಿ ಎಂದು.

ನಿಲ್ಲಿಸಲಿಲ್ಲ. ಕರೆಂಟು ಹೋದ ರಾತ್ರಿ
ಆಜಾದ್ ನಗರದ ಹುಡುಗರು ಜನರೇಟರ್ ತಳ್ಳಿಕೊಂಡು ಬಂದರು.
ಯಾರ ಮದುವೆಯದೋ,
ಸೀರಿಯಲ್ ಸೆಟ್ಟು ಇನ್ನೂ ಸುತ್ತಿಕೊಂಡೇ ಇತ್ತು.

ಇವತ್ತು ತಳದ ಬಾಟಲಿ ಕಂದು.
ತೆಳುವಾಗಿ, ಹಾಲು ಹೆಚ್ಚಾದ ಚಹಾದ ಹಾಗೆ.
ಆಸಿಡ್ ಬಿಟ್ಟೆ, ಹಳದಿ. ಗಂಜಿ ಬಿಟ್ಟೆ, ನೀಲಿ.
ಇನ್ನು ಹನಿ ಹನಿಯಾಗಿ ಆ ನೀಲಿಯನ್ನು ಅಳಿಸುತ್ತ ಹೋಗಬೇಕು.
ಅಳಿಯಲು ಎಷ್ಟು ಹನಿ ಬೇಕಾಯಿತೋ
ಅಷ್ಟು ಉಸಿರು ಅದರಲ್ಲಿತ್ತು ಎಂದು ಲೆಕ್ಕ.

ಮೂರು ಪಾಯಿಂಟ್ ಆರು.
ನಾಲ್ಕಾಗಬೇಕು. ಆಗಿಲ್ಲ. ರಿಜಿಸ್ಟರಿಗೆ ಹಾಗೇ ಬರೆದೆ.

ಬಣ್ಣ ಹೋದ ಫ್ಲಾಸ್ಕನ್ನು ಬಲ್ಬಿಗೆ ಹಿಡಿದು ನೋಡುತ್ತಾ
ದಸ್ತಗೀರ್ ಸಾಬರು ನಕ್ಕರು:
"ನಂದೂ ಒಂದು
ರೀಡಿಂಗು
ತೆಗೀತೀರಾ?"