ಐದನೆಯ ಅಧ್ಯಾಯದ ಕೊನೆ

ಎಂಟು ಅಧ್ಯಾಯ, ಒಂದೊಂದಕ್ಕೆ ನಾಲ್ಕೇ ಪುಟ,
ಒತ್ತಕ್ಷರ ಆದಷ್ಟು ಕಡಿಮೆ ಇರಲಿ,
ಎಂದು ಪ್ರಕಾಶಕರ ಪತ್ರ.
(ಅಧ್ಯಾಯ ಎನ್ನುವುದಕ್ಕೇ ಒತ್ತಿದೆಯಲ್ಲ,
ಅವರಿಗೆ ಹೇಳಲಿಲ್ಲ.)
ಬಿಸಿಯೂಟದ ಹಳೇ ರಿಜಿಸ್ಟರಿನ
ಖಾಲಿ ಬೆನ್ನಿನ ಮೇಲೆ ಶುರು ಮಾಡಿದೆ.

ಸಮುದ್ರ ಹೋಗಿ ಕಡಲಾಯಿತು.
ಸೂರ್ಯ ಮುಳುಗುವ ಬದಲು ಹೊತ್ತು ಮುಳುಗಿತು.
ನಕ್ಷತ್ರಗಳು ಚುಕ್ಕಿಗಳಾಗಿ ಹಗುರಾದವು.
ಅಪ್ಪ ಮಾತ್ರ ಅಪ್ಪನೇ ಉಳಿದ:
ಆ ಕೆಳಗಿನ ಪ ಕಿತ್ತರೆ
ಮೇಲಿನದೂ ನಿಲ್ಲುವುದಿಲ್ಲ.

ಬೈತಖೋಲದ ಬಂದರಿಗೆ ಬೆನ್ನು ಹಾಕಿ ಕೂತ ಶಾಲೆ.
ಕಿಟಕಿ ತೆಗೆದರೆ ಡೀಸೆಲ್ಲು, ಒಣಮೀನು;
ಮುಚ್ಚಿದರೆ ಇಪ್ಪತ್ತಮೂರು ಮಕ್ಕಳ ಬೆವರು.
ಮನೆಯಲ್ಲಿ ಕೊಂಕಣಿ, ನನ್ನೆದುರು ಕನ್ನಡ,
ಜಗಳಕ್ಕೆ ಎರಡೂ.
ಬರೆದಷ್ಟನ್ನು ಶನಿವಾರ, ಕೊನೆಯ ತಾಸಿಗೆ,
ನಾಲ್ಕನೇ ಇಯತ್ತೆಗೆ ಓದಿ ಹೇಳುತ್ತೇನೆ.

ಎರಡನೆಯ ಅಧ್ಯಾಯದಲ್ಲಿ ಏಡಿಯೊಂದು
ದಾರಿ ತಪ್ಪಿ ಅಳುತ್ತಿತ್ತು.
"ಏಡಿಗೆ ದಾರಿ ತಪ್ಪೂದಿಲ್ಲ ಅಕ್ಕೋರೆ,
ಅದು ಅಡ್ಡ ಹೋಗೂದೇ ಹಾಗೆ"
ಎಂದ ರೋಹಿದಾಸ, ಏಡಿ ಕಚ್ಚಿದ ಬೆರಳು ಎತ್ತಿ ತೋರಿಸಿ.
ಸಾಕ್ಷಿ ಇತ್ತಲ್ಲ, ಏಡಿ ಅಳು ನಿಲ್ಲಿಸಿತು.
ಒಂದೂವರೆ ಪುಟ ಹೋಯಿತು.

ಐದನೆಯದರ ಮೇಲೆ ನನಗೆ ತುಸು ಜಂಬವೇ ಇತ್ತು.
ಗಾಳಿ ತಿರುಗಿದೆ, ಕತ್ತಲೆ ಕವಿದಿದೆ,
ಅಪ್ಪನ ಬೋಟು ಇನ್ನೂ ಬಂದಿಲ್ಲ.
ಅಲ್ಲಿಗೆ ಅಧ್ಯಾಯ ಮುಗಿಯಿತು.
ಮಕ್ಕಳು ಪುಟ ತಿರುಗಿಸಲೇಬೇಕು,
ಇಲ್ಲದಿದ್ದರೆ ಕೊನೆ ಅಂತ ಒಂದು ಯಾತಕ್ಕೆ?
ಗಂಟೆ ಹೊಡೆಯಿತು.
ಮುಂದಿನದು ಬರುವ ಶನಿವಾರ, ಎಂದೆ.
ಯಾರೂ "ಆಮೇಲೆ?" ಎನ್ನಲಿಲ್ಲ.
ಸಾನಿಕಾ ತಾಂಡೇಲ ಪಾಟಿಚೀಲದ ಜಿಪ್ಪು
ಎಳೆದಳು, ತೆಗೆದಳು, ಮತ್ತೆ ಎಳೆದಳು.

ಸೋಮವಾರ ಗೇಟಿನ ಹತ್ತಿರ ಅವಳ ಆಯಿ
ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ಕೇಳಿದಳು:
"ನಿಮ್ಮ ಪುಸ್ತಕದ ಬೋಟಿನ ಹೆಸರೆಂತ?
ಹುಡುಗಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ.
ನಮ್ಮದೂ ಶುಕ್ರವಾರ ಹೋದದ್ದು, ಇನ್ನೂ ಹೊರಗೇ ಅದೆ."
ನಾನು ಅದಕ್ಕೆ ಹೆಸರಿಟ್ಟಿರಲಿಲ್ಲ.

ಆ ರಾತ್ರಿಯೇ ಅಪ್ಪನನ್ನು
ಅದೇ ಪುಟದಲ್ಲಿ ದಡಕ್ಕೆ ಎಳೆದು ತಂದೆ.
ಬಿಸಿ ಗಂಜಿ ಕುಡಿಸಿದೆ, ನಗಿಸಿದೆ,
ಕಂಬಳಿ ಹೊದಿಸಿ ಮಲಗಿಸಿದೆ.
ಬುಧವಾರ ಸಾನಿಕಾಳ ಅಪ್ಪನೂ ಬಂದ.
ಶನಿವಾರ ಹೊಸದನ್ನು ಓದಿದರೆ
ಅವಳ ಮುಖ ಗಂಟು:
"ಇಷ್ಟು ಬೇಗ ಎಂತಕ್ಕೆ ಬಂದ?"
"ಐಸಿನ ದುಡ್ಡೂ ಹುಟ್ಟೂದಿಲ್ಲ ಹಾಗಾದ್ರೆ"
ಎಂದ ರೋಹಿದಾಸ, ಲೆಕ್ಕ ಬಲ್ಲವನು.

ಮತ್ತೆ ಎಲ್ಲಿ ನಿಲ್ಲಿಸಲಿ ಮಾರಾಯ್ತಿ, ನೀನೇ ಹೇಳು.

ಬಣ್ಣದ ಸೀಮೆಸುಣ್ಣ ಕೇಳಿ ತೆಗೆದುಕೊಂಡಳು.
ಹಲಗೆಯ ಮೇಲೆ ಎರಡು ಚುಕ್ಕಿ, ಅಕ್ಕಪಕ್ಕ.
"ಕೆಂಪು ಒಂದೇ ಕಂಡ್ರೆ ಬೋಟು ಅಡ್ಡ ಹೋಗ್ತದೆ.
ಹಸಿರು ಒಂದೇ ಕಂಡ್ರೂ ಅಡ್ಡವೇ.
ಎರಡೂ ಒಟ್ಟಿಗೆ ಕಂಡ್ರೆ
ಮೂತಿ ನಮ್ಮ ಕಡೆ."
ಕೈಯ ಪುಡಿ ಲಂಗಕ್ಕೆ ಒರೆಸಿಕೊಂಡಳು.
"ಅಲ್ಲಿ ನಿಲ್ಸಿ ಅಕ್ಕೋರೆ.
ಬರೂದು ಬರ್ಲಿ ಅದರಷ್ಟಕ್ಕೆ, ನಾವು ಮಲಗ್ತೇವೆ."

ಅಲ್ಲೇ ನಿಲ್ಲಿಸಿದ್ದೇನೆ. ಬಲೆ ಕೊಡವುವುದು,
ಐಸು ಒಡೆಯುವುದು, ಹರಾಜಿನ ಕೂಗು
ಎಲ್ಲ ಆರನೆಯದಕ್ಕೆ ಹೋಯಿತು;
ಆರನೆಯದು ಈಗ ಏಳು ಪುಟ.
ಬೋಟಿಗೆ ಇಪ್ಪತ್ತಮೂರು ಹೆಸರು ಬಂದಿವೆ,
ಚೀಟಿ ಎತ್ತಬೇಕು.

ಪ್ರಕಾಶಕರಿಗೆ ನಿನ್ನೆ ಬರೆದೆ:
ಉಳಿದ ಚಿತ್ರಗಳು ಹೇಗಾದರೂ ಇರಲಿ,
ಐದನೆಯದರ ಕೊನೆಯ ಪುಟಕ್ಕೆ ಮಾತ್ರ ಬಣ್ಣ ಬೇಕು.
ಖರ್ಚು ನನ್ನ ಸಂಭಾವನೆಯಲ್ಲಿ ಮುರಿದುಕೊಳ್ಳಿ.
ಕಪ್ಪು ಬಿಳುಪಿನಲ್ಲಿ ನೋಡಿದರೆ
ಬೋಟು ಯಾವ ಕಡೆ ಹೊರಟಿದೆ
ಎಂದು ತಿಳಿಯುವುದಿಲ್ಲ.